ಕಾರ್ಬನ್ ದೋಟಿ ಕ್ಲ್ಯಾಂಪಿನ ಹತ್ತಿರವೇ ಯಾಕೆ ಮುರಿಯುತ್ತದೆ?

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ನಮ್ಮದು ಎರಡೂವರೆ ಎಕರೆ ಅಡಿಕೆ ತೋಟ. ಮರ ಹತ್ತಿ ಗೊನೆ ಕೊಯ್ಯುವ ಕೊನೆಗೌಡರು ಸಿಗುವುದು ಕಷ್ಟವಾಗಿ ಎರಡು ವರ್ಷದ ಹಿಂದೆ, ಒಂದರೊಳಗೊಂದು ಜಾರುವ ಕೊಳವೆಗಳಿರುವ 60 ಅಡಿಯ ಕಾರ್ಬನ್ ಫೈಬರ್ ದೋಟಿ ತಂದೆವು. ಮೊದಲ ವರ್ಷ ಔಷಧಿಗೂ ಕೊಯ್ಲಿಗೂ ತೊಂದರೆ ಕೊಡಲಿಲ್ಲ. ಈ ಮಳೆಗಾಲ ಎರಡನೇ ಸಲ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವಾಗ ಮೇಲಿನಿಂದ ಮೂರನೇ ಕೊಳವೆ, ಸಂದನ್ನು ಬಿಗಿಹಿಡಿಯುವ ಕ್ಲ್ಯಾಂಪಿನಿಂದ ನಾಲ್ಕು ಬೆರಳು ಮೇಲೆ, ಪಟ್ ಎಂದು ಮುರಿಯಿತು. ಆಗ ತುದಿಯಲ್ಲಿ ನಾಜಲ್ಲು, ಪೈಪು ಬಿಟ್ಟರೆ ಬೇರೆ ಭಾರವೇ ಇರಲಿಲ್ಲ. ಗಾಲ್ಫ್ ಆಟದ ಕೋಲಿಗೆ ಹಾಕುವ ವಸ್ತುವೇ ಇದು, ಮುರಿಯುವ ಮಾತೇ ಇಲ್ಲ ಎಂದು ಹೇಳಿ ಮಾರಿದ್ದರು. ಈಗ ಕೇಳಿದರೆ ನೀವೇ ಬಗ್ಗಿಸಿ ಮುರಿದಿದ್ದೀರಿ ಎನ್ನುತ್ತಾರೆ. ನಿಜವಾದ ಕಾರಣ ಏನು? ಅಂಟು ಹಾಕಿ ಸೇರಿಸಬಹುದೇ? ಹೊಸದು ತರುವುದಾದರೆ ಭಾರದ್ದೇ ತರಬೇಕೇ?

ಉತ್ತರ: ಗಾಲ್ಫ್ ಕೋಲಿನ ಮಾತು ಸುಳ್ಳಲ್ಲ. ಎರಡಕ್ಕೂ ಬಳಸುವುದು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಕೂರಿಸಿದ ಕಾರ್ಬನ್ ನೂಲನ್ನೇ. ಆದರೆ ಗಾಲ್ಫ್ ಕೋಲುಗಳೂ ಮುರಿಯುತ್ತವೆ. ಹೆಚ್ಚಾಗಿ ಮುರಿಯುವುದು ಚೆಂಡು ಹೊಡೆಯುವ ತಲೆಯೊಳಗೆ ಕೋಲು ಇಳಿಯುವ ಕತ್ತಿನ ಅಂಚಿನಲ್ಲಿ. ಅಲ್ಲಿಯವರೆಗೆ ಬಗ್ಗುತ್ತಾ ಬಂದ ಕೋಲಿಗೆ ಅಲ್ಲಿಂದ ಮುಂದೆ ಬಗ್ಗಲು ಜಾಗವಿಲ್ಲ, ಹಾಗಾಗಿ ಎಳೆತವೆಲ್ಲ ಆ ಒಂದು ಗೆರೆಯ ಮೇಲೆ ಬೀಳುತ್ತದೆ. ದೋಟಿಯಲ್ಲಿ ಆ ಕತ್ತಿನ ಸ್ಥಾನದಲ್ಲಿ ಇರುವುದು ಕ್ಲ್ಯಾಂಪ್. ಗಾಲ್ಫ್ ಕೋಲಿನಲ್ಲಿ ಅಂಥ ಜಾಗ ಒಂದೇ ಒಂದು, ಉದ್ದವೂ ನಾಲ್ಕು ಅಡಿಗಿಂತ ಕಡಿಮೆ. ದೋಟಿಯಲ್ಲಿ ಎಷ್ಟು ಕೊಳವೆ ಇವೆಯೋ ಅದಕ್ಕಿಂತ ಒಂದು ಕಡಿಮೆ ಸಂದುಗಳು ಇರುತ್ತವೆ. ಉದ್ದ 60 ಅಡಿ.

ಕೊಳವೆ ಹೇಗೆ ಮಾಡಿದ್ದು ಎಂದು ತಿಳಿದರೆ ಉಳಿದದ್ದು ಸುಲಭ. ಕಾರ್ಬನ್ ನೂಲಿನ ಒಂದೊಂದು ಎಳೆಯೂ ಸುಮಾರು 7 ಮೈಕ್ರಾನ್ ದಪ್ಪ. ಎಪಾಕ್ಸಿ ಅದ್ದಿದ ಎಳೆಗಳ ಹಾಳೆಯನ್ನು ಉಕ್ಕಿನ ಸರಳಿನ ಮೇಲೆ ಸುತ್ತಿ, ಬಿಗಿಯಾಗಿ ಟೇಪು ಸುತ್ತಿ, ಒಲೆಯಲ್ಲಿ ಬೇಯಿಸಿ, ಸರಳನ್ನು ಎಳೆದು ತೆಗೆದರೆ ಕೊಳವೆ ಸಿದ್ಧ. ಹಾಳೆಯ ಎಳೆಗಳು ಉದ್ದಕ್ಕೆ ಇದ್ದರೆ ಬಗ್ಗುವುದನ್ನು ತಡೆಯುತ್ತವೆ. ಅಡ್ಡ ಸುತ್ತಿದರೆ ಕೊಳವೆ ಚಪ್ಪಟೆಯಾಗುವುದನ್ನೂ ಸೀಳುವುದನ್ನೂ ತಡೆಯುತ್ತವೆ. ಓರೆಯಾಗಿ, 45 ಡಿಗ್ರಿಯಲ್ಲಿ ಸುತ್ತಿದರೆ ತಿರುಚುವುದನ್ನು ತಡೆಯುತ್ತವೆ. ಅಡಿಕೆ ದಬ್ಬೆಯನ್ನು ಅಡ್ಡಕ್ಕೆ ಮುರಿಯಲು ಎಷ್ಟು ಕಷ್ಟವೋ ಉದ್ದಕ್ಕೆ ಸೀಳಲು ಅಷ್ಟೇ ಸುಲಭ. ಬರೀ ಉದ್ದೆಳೆಯ ಕಾರ್ಬನ್ ಕೊಳವೆಯೂ ಹಾಗೆಯೇ. ಅಡ್ಡ ಮತ್ತು ಓರೆ ಪದರಗಳನ್ನು ಹಾಕಿದರೆ ತೂಕವೂ ಖರ್ಚೂ ಹೆಚ್ಚು, ಆದ್ದರಿಂದ ಅಗ್ಗದ ದೋಟಿಗಳಲ್ಲಿ ಮೊದಲು ಕಡಿಮೆಯಾಗುವುದು ಅವೇ. ಹೊರಗೆ ಕಾಣುವ ಚೌಕುಳಿ ನೇಯ್ಗೆಗೆ ಮರುಳಾಗಬೇಡಿ. ಅದು ಹಲವು ಸಲ ಮೇಲಿನ ಒಂದು ಅಲಂಕಾರದ ಪದರ ಮಾತ್ರ.

ತೆಳು ಗೋಡೆಯ ಕೊಳವೆ ಬಗ್ಗಿದಾಗ ಅದರ ದುಂಡು ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಚಪ್ಪಟೆಯಾದಷ್ಟೂ ಬಗ್ಗುವುದು ಸುಲಭ, ಬಗ್ಗಿದಷ್ಟೂ ಇನ್ನೂ ಚಪ್ಪಟೆ. ಒಂದು ಹಂತದಲ್ಲಿ ಒಳಬಾಗಿನ ಕಡೆಯ ಗೋಡೆ ಮಡಚಿಕೊಳ್ಳುತ್ತದೆ, ಮರುಕ್ಷಣ ಎದುರು ಕಡೆಯ ಎಳೆಗಳು ಹರಿಯುತ್ತವೆ. ಕ್ಲ್ಯಾಂಪ್ ಹಿಡಿದ ಜಾಗದಲ್ಲಿ ಕೊಳವೆ ದುಂಡಾಗಿಯೇ ಉಳಿಯುತ್ತದೆ. ಅದರ ಬಲವಂತದ ಹಿಡಿತ ಮುಗಿದು ಸ್ವಲ್ಪ ಮೇಲೆ, ಹೆಚ್ಚುಕಡಿಮೆ ಕೊಳವೆಯ ವ್ಯಾಸದ ಒಂದೆರಡು ಪಟ್ಟು ದೂರದಲ್ಲಿ, ಮಡಿಕೆ ಬೀಳುತ್ತದೆ. ನೀವು ಹೇಳಿದ ನಾಲ್ಕು ಬೆರಳಿನ ಲೆಕ್ಕ ಇದಕ್ಕೆ ಸರಿಹೊಂದುತ್ತದೆ. ಹಾಗಾಗಿ 'ಬಗ್ಗಿಸಿ ಮುರಿದಿದ್ದೀರಿ' ಎಂಬುದು ಅರ್ಧ ನಿಜ. ಹೊಸ ಕೊಳವೆ ಅಷ್ಟು ಬಗ್ಗಿದರೆ ತಡೆದುಕೊಳ್ಳುತ್ತಿತ್ತೇ ಎಂಬುದು ಉಳಿದ ಅರ್ಧ.

ಮೊದಲು ಬಗ್ಗುವ ಲೆಕ್ಕ. ನಾಜಲ್ಲು, ಪೈಪು ಬಿಟ್ಟರೆ ಭಾರವಿರಲಿಲ್ಲ ಎಂದಿದ್ದೀರಿ. 8.5 ಮಿ.ಮೀ. ಒಳವ್ಯಾಸದ ಔಷಧಿ ಪೈಪಿನಲ್ಲಿ 60 ಅಡಿಗೆ ಸುಮಾರು ಒಂದು ಲೀಟರ್ ದ್ರಾವಣ ನಿಂತಿರುತ್ತದೆ. ಅದೇ ಒಂದು ಕೆಜಿ, ಪೈಪಿನ ಸ್ವಂತ ತೂಕ ಬೇರೆ. ಇನ್ನು ದೋಟಿಯೇ 5 ಕೆಜಿ, ಬುಡದ ಕಡೆ ದಪ್ಪವಿರುವುದರಿಂದ ಅದರ ತೂಕದ ಕೇಂದ್ರ ಬುಡದಿಂದ 25 ಅಡಿ ಎತ್ತರದಲ್ಲಿ, ತುದಿಯಲ್ಲಿ ಒಂದು ಕೆಜಿ ಸಾಮಾನು ಎಂದಿಟ್ಟುಕೊಳ್ಳಿ. ದೋಟಿ ನೆಟ್ಟಗೆ ನಿಂತಿದ್ದರೆ ಬುಡದಲ್ಲಿ ಬಗ್ಗಿಸುವ ಒತ್ತಡ ಹೆಚ್ಚುಕಡಿಮೆ ಸೊನ್ನೆ. ತುದಿ ಬುಡದ ನೇರದಿಂದ 5 ಅಡಿ ಆಚೆ ಸರಿದರೆ ಸುಮಾರು 15 ಕೆಜಿ-ಅಡಿ (ಭಾರವನ್ನು ಅದು ಆಚೆ ಸರಿದ ದೂರದಿಂದ ಗುಣಿಸಿದ್ದು), 10 ಅಡಿ ಸರಿದರೆ 31. ಬಿಚ್ಚಿದ ದೋಟಿಯನ್ನು ನೆಲದಿಂದ ಮಲಗಿಸಿಯೇ ಎತ್ತಲು ಹೊರಟರೆ 185. ಇದು ಕೊಳವೆಯ ಬಳುಕನ್ನು ಬಿಟ್ಟು ಹಾಕಿದ ಲೆಕ್ಕ. ಬಳುಕಿದಾಗ ತುದಿ ಇನ್ನೂ ದೂರ ಹೋಗುತ್ತದೆ. ಹಾಗಾಗಿ ದೋಟಿಗೆ ದಿನದ ಅತ್ಯಂತ ಕಠಿಣ ಗಳಿಗೆ ಗೊನೆ ಎಳೆಯುವಾಗ ಬರುವುದಲ್ಲ, ಎಬ್ಬಿಸುವಾಗ ಮತ್ತು ಮಲಗಿಸುವಾಗ ಬರುತ್ತದೆ. ಒಂದು ಮರದಿಂದ ಇನ್ನೊಂದಕ್ಕೆ ಹೋಗುವಾಗ ಬಿಚ್ಚಿದ ದೋಟಿಯನ್ನು ಹೆಗಲ ಮೇಲೆ ಓರೆಯಾಗಿ ಹೊರುವುದೂ ಇದೇ ಸಾಲಿಗೆ ಸೇರುತ್ತದೆ.

ಎರಡನೆಯದು ಸಂದು. ಒಳಗಿನ ಕೊಳವೆ ಹೊರಗಿನದರೊಳಗೆ ಎಷ್ಟು ಉದ್ದ ಉಳಿದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ತುದಿಯಲ್ಲಿ 2 ಕೆಜಿ, ಆ ಸಂದಿನ ನೇರದಿಂದ ತುದಿ 10 ಅಡಿ ಆಚೆ ಇದೆ ಎನ್ನಿ. ಸಂದಿನ ಮೇಲೆ 20 ಕೆಜಿ-ಅಡಿ. ಒಳಗೆ ಒಂದು ಅಡಿ ಉಳಿದಿದ್ದರೆ ಮೇಲಂಚಿನಲ್ಲೂ ಕೆಳಂಚಿನಲ್ಲೂ ತಲಾ 20 ಕೆಜಿ ಒತ್ತಡ. ಆರು ಇಂಚು ಮಾತ್ರ ಉಳಿದಿದ್ದರೆ 40. ಮೂರು ಇಂಚಾದರೆ 80, ಅದೂ ಒಂದು ಕಿರಿದಾದ ಅಂಚಿನ ಮೇಲೆ. ಗೊನೆ ಸ್ವಲ್ಪದರಲ್ಲಿ ಎಟುಕುತ್ತಿಲ್ಲ, ಇನ್ನು ನಾಲ್ಕು ಇಂಚು ಎಳೆದುಬಿಡೋಣ ಎನ್ನಿಸುವುದು ಸಹಜ. ಎಳೆದ ಆ ನಾಲ್ಕು ಇಂಚು ಸಂದಿನ ಮೇಲಿನ ಒತ್ತಡವನ್ನು ಎರಡು ಪಟ್ಟು ಮಾಡಿಬಿಡಬಹುದು. ತಯಾರಕರು ಹಾಕಿದ ನಿಲುಗಡೆ ಗೆರೆ ಸವೆದುಹೋಗಿದ್ದರೆ ನೀವೇ ಹಾಕಿಕೊಳ್ಳಿ. ಪ್ರತಿ ಕೊಳವೆಯನ್ನೂ ಬಿಡಿಯಾಗಿ ತೆಗೆದು ಬುಡದಿಂದ ಒಂದು ಅಡಿ ಅಳೆದು ಬಿಳಿ ಬಣ್ಣದ ಗೆರೆ ಎಳೆಯಿರಿ, ಬಣ್ಣ ಮಾತ್ರ, ಮೊಳೆಯಿಂದ ಗೀರಬೇಡಿ. ಗೆರೆ ಕಂಡಲ್ಲಿಗೆ ನಿಲ್ಲಿಸಿ. ಎತ್ತರ ಸಾಲದಿದ್ದರೆ ಆ ಮರಕ್ಕೆ ಆ ದೋಟಿ ಸಾಲದು ಎಂದೇ ಅರ್ಥ.

ಇಷ್ಟಾದರೂ ಒಂದು ವರ್ಷ ತಡೆದದ್ದು ಎರಡನೇ ವರ್ಷ ಮುರಿದದ್ದೇಕೆ? ಕಾರ್ಬನ್ ಕೊಳವೆ ಕಬ್ಬಿಣದ ಪೈಪಿನಂತೆ ಬಗ್ಗಿ, ಬಗ್ಗಿದ್ದನ್ನು ತೋರಿಸಿ, ಆಮೇಲೆ ಮುರಿಯುವುದಿಲ್ಲ. ಎಳೆಗಳು ನೂರಕ್ಕೆ ಒಂದೂವರೆ ಭಾಗದಷ್ಟು ಹಿಗ್ಗುವಷ್ಟರಲ್ಲಿ ಹರಿದುಹೋಗುತ್ತವೆ. ಅದಕ್ಕಿಂತ ಕೆಳಗೆ ಎಷ್ಟು ಬಗ್ಗಿದರೂ ನೆಟ್ಟಗೆ ವಾಪಸಾಗುತ್ತದೆ. ಹಿಂದೆ ಆದ ಗಾಯ ಮಾತ್ರ ವಾಪಸಾಗದು. ಕಲ್ಲಿನ ಮೇಲೆ ಬಿದ್ದ ಪೆಟ್ಟು, ಜಂಬಿಟ್ಟಿಗೆ ಧೂಳಿನ ಗೀರು, ಕ್ಲ್ಯಾಂಪಿನ ಅತಿ ಬಿಗಿ ಇವೆಲ್ಲ ಹೊರಗೆ ಹೆಚ್ಚು ತೋರದೆ ಒಳಗೆ ಪದರ ಬಿಡಿಸುತ್ತವೆ. ಬಿಟ್ಟ ಪದರ ಬಗ್ಗುವಾಗ ಮಡಚಿಕೊಳ್ಳಲು ಕಾದಿರುತ್ತದೆ. ಮುರಿದ ದಿನದ ಭಾರವನ್ನು ಮಾತ್ರ ನೋಡಿದರೆ ಕಾರಣ ಸಿಗದಿರುವುದು ಅದಕ್ಕೇ.

ಆದರೆ ಮುರಿದ ತುಂಡು ನಿಮ್ಮ ಕೈಯಲ್ಲಿದೆ. ಅದನ್ನು ಎಸೆಯುವ ಮೊದಲು ಬಿಸಿಲಲ್ಲಿ ಹಿಡಿದು ನೋಡಿ, ಕೈಗವಸು ಹಾಕಿಕೊಂಡು, ಯಾಕೆಂದರೆ ಎಳೆಯ ಮುಳ್ಳು ಚರ್ಮಕ್ಕೆ ಹೊಕ್ಕರೆ ತೆಗೆಯುವುದು ಕಷ್ಟ. ಒಂದು ಕಡೆ ಒಳಕ್ಕೆ ಮಡಚಿ ಮೆಟ್ಟಿಲು ಮೆಟ್ಟಿಲಾಗಿ, ಎದುರು ಕಡೆ ಕುಂಚದ ಹಾಗೆ ಎಳೆ ಚಾಚಿಕೊಂಡು ಮುರಿದಿದ್ದರೆ ಅದು ಬಗ್ಗಿ ಮುರಿದದ್ದು. ಸೀಳು ಓರೆಯಾಗಿ ಕೊಳವೆಯನ್ನು ಸುತ್ತಿಕೊಂಡು ಹೋಗಿದ್ದರೆ ತಿರುಚಿ ಮುರಿದದ್ದು. ಕತ್ತಿ ಗೊನೆಯ ಬುಡದಲ್ಲಿ ಸಿಕ್ಕಿಕೊಂಡಾಗ ದೋಟಿಯನ್ನೇ ತಿರುಗಿಸಿ ಬಿಡಿಸಲು ನೋಡಿದರೆ ಹೀಗಾಗುತ್ತದೆ. ಹೊರಕೊಳವೆಯ ಬಾಯಿಂದ ಉದ್ದಕ್ಕೆ ನೇರ ಸೀಳು ಇಳಿದಿದ್ದರೆ ಎರಡರಲ್ಲಿ ಒಂದು: ಒಳಗೆ ಉಳಿದ ಉದ್ದ ಕಡಿಮೆಯಾಗಿ ಒಳಕೊಳವೆ ಸನ್ನೆಯಂತೆ ಬಾಯಿ ತೆರೆದಿದೆ, ಇಲ್ಲವೇ ಕ್ಲ್ಯಾಂಪ್ ಅತಿ ಬಿಗಿಯಾಗಿತ್ತು. ಮುರಿದ ಜಾಗದಲ್ಲಿ ನಕ್ಷತ್ರದಂತೆ ಬಿರುಕು ಹರಡಿ ಮಧ್ಯ ತಗ್ಗಾಗಿದ್ದರೆ ಹಳೆಯ ಪೆಟ್ಟು. ಮುರಿದ ಗೆರೆಯ ಪಕ್ಕದಲ್ಲೇ ಬಳೆಯಂತೆ ಸುತ್ತಲೂ ಸವೆದು, ಹೊಳಪು ಹೋಗಿ, ಬೆರಳಿಗೆ ಕಪ್ಪು ಪುಡಿ ಅಂಟಿದರೆ ಕ್ಲ್ಯಾಂಪಿನ ಅಂಚು ಉಜ್ಜಿ ಎಳೆಗಳನ್ನು ಕತ್ತರಿಸಿದೆ. ನಿಮ್ಮದು ಬಗ್ಗಿದ ಮುರಿತವೂ ಬಳೆಯ ಗುರುತೂ ಎರಡೂ ತೋರಿಸುತ್ತದೆ ಎಂದು ನನ್ನ ಊಹೆ. ಒಳಗೆ ಉಳಿದ ಉದ್ದ ಎಷ್ಟಿತ್ತು ಎಂಬುದನ್ನೂ ಅಳೆಯಿರಿ. ಕ್ಲ್ಯಾಂಪಿನಲ್ಲಿ ಇನ್ನೂ ಸಿಕ್ಕಿಕೊಂಡಿರುವ ತುಂಡು ಅದನ್ನು ಹೇಳುತ್ತದೆ.

ಕ್ಲ್ಯಾಂಪಿನ ಬಗ್ಗೆ ತುಸು ವಿವರವಾಗಿ ಹೇಳಬೇಕು, ಯಾಕೆಂದರೆ ಹಾಳಾಗುವ ದೋಟಿಗಳಲ್ಲಿ ಹೆಚ್ಚಿನವು ಹಾಳಾಗುವುದು ಇಲ್ಲಿಂದ. ಕೊಳವೆ ಜಾರುತ್ತಿದೆ ಎಂದ ಕೂಡಲೇ ಸ್ಕ್ರೂ ಬಿಗಿ ಮಾಡುವುದು ರೂಢಿ. ಜಾರಲು ಕಾರಣ ಸಡಿಲವಾದ ಸ್ಕ್ರೂ ಆಗಿರುವುದು ಕಡಿಮೆ. ಒಣಗಿದ ಸುಣ್ಣದ ಪುಡಿ, ಅಡಿಕೆಯ ಚೊಗರು, ಕೈಯ ಎಣ್ಣೆ ಇವು ಕಾರಣ. ಮೊದಲು ಕೊಳವೆಯನ್ನೂ ಕ್ಲ್ಯಾಂಪಿನ ಒಳಗನ್ನೂ ಒದ್ದೆ ಬಟ್ಟೆಯಿಂದ, ಆಮೇಲೆ ಒಣಬಟ್ಟೆಯಿಂದ ಒರೆಸಿ. ಆಮೇಲೂ ಜಾರಿದರೆ ಸ್ಕ್ರೂವನ್ನು ಕಾಲು ಸುತ್ತು ಮಾತ್ರ ತಿರುಗಿಸಿ, ಮತ್ತೆ ನೋಡಿ. ಸನ್ನೆಯ ಲಾಕ್ ಹೆಬ್ಬೆರಳಿನಿಂದ ಒತ್ತಿದರೆ ಮುಚ್ಚಬೇಕು. ಅಂಗೈ ಹಾಕಿ ಗುದ್ದಿದರೆ ಮಾತ್ರ ಮುಚ್ಚುತ್ತದೆ ಎಂದರೆ ಬಿಗಿ ಹೆಚ್ಚಾಗಿದೆ. ಇಕ್ಕಳ, ಪೈಪ್ ರೆಂಚ್ ಹತ್ತಿರವೂ ತರಬೇಡಿ. ಗ್ರೀಸು, ತೆಂಗಿನೆಣ್ಣೆ, ಗಾಡಿ ಎಣ್ಣೆ ಯಾವುದನ್ನೂ ಹಚ್ಚಬೇಡಿ. ಸಲೀಸಾಗಿ ಜಾರಲಿ ಎಂದು ಹಚ್ಚಿದ ಎಣ್ಣೆ ಬೇಡದಾಗಲೂ ಜಾರಿಸುತ್ತದೆ, ಧೂಳನ್ನು ಹಿಡಿದಿಟ್ಟು ಮರಳು ಕಾಗದವಾಗುತ್ತದೆ. ಕ್ಲ್ಯಾಂಪಿನ ಒಳ ಅಂಚು ಚೂಪಾಗಿದ್ದರೆ ಸಣ್ಣ ಅರದಿಂದ ಅಥವಾ 320 ನಂಬರಿನ ಕಾಗದದಿಂದ ಅದನ್ನು ದುಂಡು ಮಾಡಿ. ಗಾಲ್ಫ್ ಕೋಲು ಕೂರಿಸುವವರೂ ಇದನ್ನೇ ಮಾಡುತ್ತಾರೆ: ತಲೆಯ ತೂತಿನ ಬಾಯನ್ನು ಇಳಿಜಾರಾಗಿ ಕೊರೆದು, ಚೂಪು ಅಂಚು ಕಾರ್ಬನ್ ಕೋಲನ್ನು ಕಚ್ಚದ ಹಾಗೆ ನೋಡಿಕೊಳ್ಳುತ್ತಾರೆ. ಅರೆಯುವಾಗ ಪುಡಿ ಕೊಳವೆಯೊಳಗೆ ಹೋಗದಿರಲಿ, ಕ್ಲ್ಯಾಂಪನ್ನು ಬಿಚ್ಚಲು ಬಂದರೆ ಬಿಚ್ಚಿಯೇ ಮಾಡಿ.

ಔಷಧಿಗೆ ಬಳಸುವ ದೋಟಿಗೆ ಇನ್ನೊಂದು ಶತ್ರು ಇದೆ, ಗಾಲ್ಫ್ ಆಡುವವರಿಗೆ ಇದರ ಕಾಟವಿಲ್ಲ. ಬೋರ್ಡೋ ಹದವಾಗಿದೆಯೇ ಎಂದು ನೋಡಲು ಕತ್ತಿಯನ್ನು ಅದ್ದುವುದು ನಿಮಗೆ ಗೊತ್ತಿದೆ. ಸುಣ್ಣ ಸಾಲದಿದ್ದರೆ ಅಲಗಿನ ಮೇಲೆ ಕೆಂಪು ತಾಮ್ರ ಕೂರುತ್ತದೆ. ಅಲ್ಲಿ ಕಬ್ಬಿಣ ಕರಗಿ ಆ ಜಾಗಕ್ಕೆ ತಾಮ್ರ ಬಂದಿರುತ್ತದೆ. ಕ್ಲ್ಯಾಂಪಿನ ಅಲ್ಯೂಮಿನಿಯಂಗೂ ಹೀಗೇ ಆಗಬಹುದು. ಸಾಲದೆಂಬಂತೆ ಕಾರ್ಬನ್ ವಿದ್ಯುತ್ ಹರಿಸುವ ವಸ್ತು. ಒದ್ದೆಯಲ್ಲಿ ಅಲ್ಯೂಮಿನಿಯಂ ಅದಕ್ಕೆ ತಾಗಿಕೊಂಡಿದ್ದರೆ ಸಣ್ಣ ಬ್ಯಾಟರಿಯೇ ಆಗಿ ಅಲ್ಯೂಮಿನಿಯಂ ತಿನ್ನಲ್ಪಡುತ್ತದೆ. ಕ್ಲ್ಯಾಂಪಿನ ಕೆಳಗೆ ಬಿಳಿ ಪುಡಿ ಕಂಡರೆ ಅದು ಸುಣ್ಣವೇ ಆಗಿರಬೇಕೆಂದಿಲ್ಲ. ಪುಡಿ ಉಬ್ಬಿ ಅಂಟು ಬಿಡಿಸುತ್ತದೆ, ಕೊಳವೆಯನ್ನು ಒಂದು ಕಡೆಯಿಂದ ಒತ್ತುತ್ತದೆ. ಹದಗೆಟ್ಟ ದ್ರಾವಣ ಗಿಡಕ್ಕೂ ಕೆಟ್ಟದ್ದು, ಕ್ಲ್ಯಾಂಪಿಗೂ ಕೆಟ್ಟದ್ದು. 100 ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಒಳ್ಳೆಯ ಸುಣ್ಣ ಎಂಬ ಅಳತೆಯಲ್ಲಿ ಸುಣ್ಣ ಹಳತಾಗಿದ್ದರೆ ಕತ್ತಿ ಅದ್ದಿ ನೋಡಿಯೇ ಹೆಚ್ಚಿಸಿಕೊಳ್ಳಿ. ಔಷಧಿ ಮುಗಿದ ದಿನವೇ ಎಲ್ಲ ಕೊಳವೆ ಬಿಚ್ಚಿ ಬರಿ ನೀರಿನಲ್ಲಿ ತೊಳೆದು, ಬುಡದ ಮುಚ್ಚಳ ತೆಗೆದು ನೀರು ಬಸಿದು, ಒರೆಸಿ, ನೆರಳಲ್ಲಿ ಒಣಗಿಸಿ. ನಾಳೆಯೂ ಹೊಡೆಯುವುದಿದೆಯಲ್ಲ ಎಂದು ಹಾಗೇ ಮಡಚಿಟ್ಟರೆ ಬೆಳಿಗ್ಗೆಗೆ ಸುಣ್ಣ ಸಂದಿನಲ್ಲಿ ಗಟ್ಟಿಯಾಗಿರುತ್ತದೆ.

ಬಿಚ್ಚುವ ಕ್ರಮ: ಮಡಚಿದ ದೋಟಿಯನ್ನು ಮರದ ಬುಡದಲ್ಲಿ ನೆಟ್ಟಗೆ ನಿಲ್ಲಿಸಿ. ಬುಡದ ಕೆಳಗೆ ಕಲ್ಲು ಬೇಡ, ಹಲಗೆ ತುಂಡೋ ಹಳೆಯ ಟೈರಿನ ಚೂರೋ ಇರಲಿ. ಎಲ್ಲ ಕ್ಲ್ಯಾಂಪುಗಳೂ ಒಂದರ ಪಕ್ಕ ಒಂದು ಕೈಗೆ ಸಿಗುತ್ತವೆ. ಮೊದಲು ತುದಿಯ ಸಪೂರ ಕೊಳವೆಯನ್ನು ಎತ್ತಿ ಲಾಕ್ ಮಾಡಿ, ಆಮೇಲೆ ಅದರ ಕೆಳಗಿನದು, ಹೀಗೆ ದಪ್ಪದ ಕಡೆಗೆ ಬನ್ನಿ. ಮಡಚುವಾಗ ಉಲ್ಟಾ, ದಪ್ಪದ್ದು ಮೊದಲು. ಲಾಕ್ ಬಿಟ್ಟು ಕೊಳವೆಯನ್ನು ಧಡ್ ಎಂದು ಬೀಳಲು ಬಿಡಬೇಡಿ, ಕೈಯಲ್ಲಿ ಹಿಡಿದು ಇಳಿಸಿ. ಬಿದ್ದ ಪೆಟ್ಟಿಗೆ ಬುಡದ ಅಂಚು ಒಡೆಯುತ್ತದೆ, ಬೆರಳು ಸಿಕ್ಕರೆ ಅದೂ ಉಳಿಯುವುದಿಲ್ಲ. ಮರ ಗಿಡ್ಡವಿದ್ದು ಪೂರ್ತಿ ಉದ್ದ ಬೇಡವಾದಾಗ ತುದಿಯ ಸಪೂರ ಕೊಳವೆಯನ್ನೇ ಒಳಗೆ ಬಿಡಿ, ದಪ್ಪದವನ್ನು ಬಳಸಿ. ಬಹಳ ಜನ ಮಾಡುವುದು ಇದರ ತಿರುಗುಮುರುಗು. ಔಷಧಿ ಪೈಪನ್ನು ಒಂದೇ ಕಡೆ ಜೋಲಾಡಲು ಬಿಡದೆ ಕೊಳವೆಗೆ ಆನಿಸಿ ಅಲ್ಲಲ್ಲಿ ಬಟ್ಟೆಪಟ್ಟಿಯಿಂದ ಸಡಿಲವಾಗಿ ಕಟ್ಟಿ, ಕೆಳಗಿನ ಪೈಪನ್ನು ಇನ್ನೊಬ್ಬರು ಹಿಡಿದಿರಲಿ. ಒತ್ತಡವನ್ನು ಒಮ್ಮೆಲೇ ಬಿಟ್ಟರೆ ಪೈಪು ಜಗ್ಗಿ ತುದಿ ಅಲ್ಲಾಡುತ್ತದೆ, ಗನ್ನಿನ ಹಿಡಿ ನಿಧಾನಕ್ಕೆ ತೆರೆಯಿರಿ. ಗಾಳಿ ಬೀಸುವಾಗ ಹೊಡೆಯಬೇಡಿ. ಔಷಧಿಯೂ ಗೊನೆಗೆ ತಲುಪುವುದಿಲ್ಲ.

ಕೊಯ್ಲಿನಲ್ಲಿ ಮುಖ್ಯ ವಿಷಯ ಕತ್ತಿಯ ಹರಿತ. ದೋಟಿಯ ಉದ್ದಕ್ಕೆ, ನೇರ ಕೆಳಗೆ ಎಳೆದರೆ ಕಾರ್ಬನ್ ಎಳೆಗಳಿಗೆ ಅದು ಲೆಕ್ಕಕ್ಕೇ ಇಲ್ಲ. ಕತ್ತಿ ಮೊಂಡಾದಾಗ ಎಳೆಯುವವನು ಪಕ್ಕಕ್ಕೆ ಜಗ್ಗುತ್ತಾನೆ, ತಿರುಚುತ್ತಾನೆ. ಅರ ಜೇಬಿನಲ್ಲಿರಲಿ, ಆಗಾಗ ಮಸೆಯಿರಿ. ಕತ್ತಿ ಸಿಕ್ಕಿಕೊಂಡರೆ ಮೇಲಕ್ಕೆ ತಳ್ಳಿ ಬಿಡಿಸಿ. ಕೊಯ್ದ ಗೊನೆ ದೋಟಿಯ ಮೇಲೇ ಬೀಳದ ಹಾಗೆ ನಿಲ್ಲುವುದು ಮನುಷ್ಯನಿಗೂ ಒಳ್ಳೆಯದು, ಕೊಳವೆಗೂ ಒಳ್ಳೆಯದು. 8 ಕೆಜಿಯ ಹಸಿ ಗೊನೆ ಹದಿನೈದು ಅಡಿಯಿಂದ ಓರೆ ನಿಂತ ಕೊಳವೆಗೆ ಬಡಿದರೆ ಗೀರೂ ಕಾಣದೆ ಒಳಪದರ ಬಿಡಬಹುದು. ತಲೆಗೆ ಹೆಲ್ಮೆಟ್ ಇರಲಿ ಎಂದು ಬೇರೆ ಹೇಳಬೇಕಿಲ್ಲ.

ಕತ್ತಿ ಕೂರಿಸಲು ತುದಿಯ ಕೊಳವೆಗೆ ತೂತು ಕೊರೆದು ಬೋಲ್ಟ್ ಹಾಕಿದ ದೋಟಿಗಳು ಊರಲ್ಲಿ ಬೇಕಾದಷ್ಟಿವೆ. ಕೊರೆದಷ್ಟೂ ಎಳೆ ತುಂಡಾದಂತೆ, ತೂತಿನ ಅಂಚಿನಿಂದ ಸೀಳು ಹೊರಡುತ್ತದೆ. ತುದಿಗೆ ಹೊರಗಿನಿಂದ ಹಾಕುವ ತೋಳು, ಅದರ ಒಳಗೆ ತೆಳು ರಬ್ಬರು, ಎರಡು ಹೋಸ್ ಕ್ಲಿಪ್ಪು ಇಷ್ಟು ಸಾಕು. ಕೊಳವೆಯೊಳಗೆ ಮರದ ಗೂಟ ಬಡಿದರೆ ಗೂಟ ಮುಗಿಯುವ ಗೆರೆಯಲ್ಲೇ ಮುರಿಯುತ್ತದೆ, ಗಾಲ್ಫ್ ಕೋಲಿನ ಕತ್ತಿನದೇ ಕಥೆ. ಗೂಟ ಹಾಕಲೇಬೇಕಿದ್ದರೆ ಅದರ ಒಳತುದಿಯನ್ನು ಎರಡು ಇಂಚು ಚೂಪಾಗಿ ಕೆತ್ತಿ, ಬಡಿಯದೆ, ಅಂಟಿನಲ್ಲಿ ಕೂರಿಸಿ.

ಇಡುವ ಜಾಗ: ಅಂಗಳದಲ್ಲಿ, ಸೋಗೆ ಚಪ್ಪರದ ಮೇಲೆ, ಜೀಪಿನ ಮೇಲೆ ಬಿಸಿಲಿಗೆ ಬಿಟ್ಟರೆ ಎಪಾಕ್ಸಿ ಮಂಕಾಗಿ ಪುಡಿಯೇಳುತ್ತದೆ, ಎಳೆ ಹೊರಗೆ ಕಾಣುತ್ತದೆ. ಕಪ್ಪು ಕೊಳವೆ ಏಪ್ರಿಲ್ ಬಿಸಿಲಲ್ಲಿ ಮುಟ್ಟಲಾಗದಷ್ಟು ಕಾಯುತ್ತದೆ, ಕ್ಲ್ಯಾಂಪಿನ ಅಂಟು ಮೆತ್ತಗಾಗುವುದು ಆಗ. ಅಡಿಕೆ ಬೇಯಿಸುವ ಒಲೆಯ ಮೇಲಿನ ಅಟ್ಟವೂ ಬೇಡ. ಮಡಚಿ, ಮೂರು ಕಡೆ ಆಧಾರ ಕೊಟ್ಟು ಅಡ್ಡ ಇಡಿ, ಅಥವಾ ಮೂಲೆಯಲ್ಲಿ ನೆಟ್ಟಗೆ ನಿಲ್ಲಿಸಿ.

ಮೇ ತಿಂಗಳಲ್ಲಿ, ಮೊದಲ ಔಷಧಿಗೆ ಮುನ್ನ, ಅರ್ಧ ಗಂಟೆ ಕೊಟ್ಟು ಪರೀಕ್ಷೆ ಮಾಡಿ. ಪ್ರತಿ ಕೊಳವೆಯ ಮೇಲೆ ಹಳೆಯ ಹತ್ತಿ ಬಟ್ಟೆ ಎಳೆಯಿರಿ, ಬಟ್ಟೆ ಸಿಕ್ಕಿದಲ್ಲಿ ಎಳೆ ಎದ್ದಿದೆ. ನಾಣ್ಯದಿಂದ ಎರಡೆರಡು ಇಂಚಿಗೆ ಮೆಲ್ಲಗೆ ತಟ್ಟುತ್ತಾ ಹೋಗಿ. ಟಣ್ ಎನ್ನುತ್ತಿದ್ದದ್ದು ಒಂದು ಕಡೆ ಮಾತ್ರ ಬೊದ್ದು ಸದ್ದು ಕೊಟ್ಟರೆ ಅಲ್ಲಿ ಪದರ ಬಿಟ್ಟಿದೆ. ಹೊರಕೊಳವೆಗಳ ಬಾಯಂಚನ್ನು ಉಗುರಿನಿಂದ ಸವರಿ ನೋಡಿ, ಕೂದಲೆಳೆ ಸೀಳೂ ಉಗುರಿಗೆ ತಿಳಿಯುತ್ತದೆ. ಬಿಚ್ಚುವಾಗ ಬಳುಕಿಸಿದರೆ ಚಟ್ ಚಟ್ ಎಂದು ಸದ್ದು ಬರುವ ಕೊಳವೆಯನ್ನು ಆ ದಿನವೇ ಬದಿಗಿಡಿ.

ಇನ್ನು ಅಂಟಿಸುವ ಪ್ರಶ್ನೆ. ಮುರಿದ ಮೂರನೇ ಕೊಳವೆಯನ್ನು ಸೇರಿಸಬೇಡಿ. ಗಟ್ಟಿಯಾಗಬೇಕಾದರೆ ಮುರಿದ ಗೆರೆಯ ಎರಡೂ ಕಡೆ ಹೊರಗಿನಿಂದ ಕಾರ್ಬನ್ ಅಥವಾ ಗಾಜಿನ ಬಟ್ಟೆ ಸುತ್ತಬೇಕು. ಸುತ್ತಿದರೆ ಅದು ನಾಲ್ಕನೇ ಕೊಳವೆಯೊಳಗೆ ಹೋಗುವುದಿಲ್ಲ. ಒಳಗಿನಿಂದ ತೋಳು ಹಾಕಿದರೆ ಎರಡನೇ ಕೊಳವೆ ಒಳಗೆ ಇಳಿಯುವುದಿಲ್ಲ. ಎರಡೂ ಇಲ್ಲದ ಅಂಟು ನಿಲ್ಲುವುದಿಲ್ಲ. ಹೊರಗಿನಿಂದ ಸುತ್ತಿ ರಿಪೇರಿ ಮಾಡಲು ಬರುವುದು ಯಾವುದರೊಳಗೂ ಹೋಗಬೇಕಿಲ್ಲದ ಬುಡದ ದಪ್ಪ ಕೊಳವೆಯನ್ನು ಮಾತ್ರ. ಅದರಲ್ಲೂ ಬಾಯಂಚಿನ ಸಣ್ಣ ಸೀಳಾದರೆ ಸರಿ: ಕ್ಲ್ಯಾಂಪ್ ತೆಗೆದು, ಸೀಳಿನ ಕೊನೆಗಿಂತ ಎರಡು ಇಂಚು ಆಚೆಯವರೆಗೆ ಮೇಲ್ಮೈಯನ್ನು ಮೆಲ್ಲಗೆ ಒರಟು ಮಾಡಿ, ಒರೆಸಿ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿಯಲ್ಲಿ ಅದ್ದಿದ ನೂಲನ್ನು ಅಡ್ಡಲಾಗಿ, ಸುತ್ತಿಗೆ ಸುತ್ತು ತಾಗಿಸಿ ಸುತ್ತಿ, 24 ಗಂಟೆ ಬಿಡಿ. ಐದು ನಿಮಿಷದ ಅಂಟು ಈ ಕೆಲಸಕ್ಕಲ್ಲ. ಕೊಳವೆಯ ತುದಿಯಲ್ಲಿ ಮಾತ್ರ ಗಾಯವಾಗಿದ್ದರೆ ಅಷ್ಟನ್ನು ಕತ್ತರಿಸಿ ತೆಗೆಯಬಹುದು. ಗೆರೆಯ ಮೇಲೆ ಟೇಪು ಸುತ್ತಿ, ಸಣ್ಣ ಹಲ್ಲಿನ ಹ್ಯಾಕ್ಸಾ ಬ್ಲೇಡಿನಿಂದ ಕೊಳವೆಯನ್ನು ತಿರುಗಿಸುತ್ತಾ ಕೊಯ್ದು, ಅಂಚನ್ನು ನೀರು ಹಾಕಿ ಉಜ್ಜಿ, ತೆಳುವಾಗಿ ಎಪಾಕ್ಸಿ ಸವರಿ. ಕಾರ್ಬನ್ ಪುಡಿ ಮೂಗಿಗೆ ಹೋಗಬಾರದು, ಎನ್-95 ಮಾಸ್ಕ್ ಹಾಕಿಕೊಂಡು ಹೊರಗೆ ಕೂತು ಮಾಡಿ.

ಹೊಸದು ತರುವಾಗ ಭಾರ ನೋಡಬೇಡಿ, ಭಾರ ಎಲ್ಲಿದೆ ನೋಡಿ. ಗೋಡೆಯ ದಪ್ಪ ಅಷ್ಟೇ ಇದ್ದು ವ್ಯಾಸ ಎರಡು ಪಟ್ಟಾದರೆ ಬಿಗುವು ಸುಮಾರು ಎಂಟು ಪಟ್ಟಾಗುತ್ತದೆ, ತೂಕ ಎರಡೇ ಪಟ್ಟು. ಆದ್ದರಿಂದ ಬುಡ ಅಗಲವಾಗಿದ್ದು ತುದಿ ಹಗುರಾಗಿರುವುದು ಒಳ್ಳೆಯ ದೋಟಿ. 'ಹೈ ಮಾಡ್ಯುಲಸ್' ಎಂದು ಹೊಗಳಿದರೆ ಬಳುಕು ಕಡಿಮೆ ಎಂದರ್ಥ, ಮುರಿಯುವುದು ಕಡಿಮೆ ಎಂದಲ್ಲ. ಅತಿ ಬಿಗುವಿನ ಎಳೆ ಪೆಟ್ಟಿಗೆ ಬೇಗ ಸೋಲುತ್ತದೆ. ತೋಟದ ಕೆಲಸಕ್ಕೆ ಸಾಧಾರಣ ಕಾರ್ಬನ್, ಹೊರಪದರಕ್ಕೆ ತುಸು ಗಾಜಿನ ನೂಲು ಇರುವುದೇ ನನ್ನ ಆಯ್ಕೆ. ಹೊರಕೊಳವೆಗಳ ಬಾಯಿಗೆ ಅಡ್ಡನೂಲಿನ ಹೆಚ್ಚುವರಿ ಸುತ್ತು ಇದೆಯೇ, ನಿಲುಗಡೆ ಗೆರೆ ಇದೆಯೇ, ಕೊಳವೆ ಬಿಡಿಯಾಗಿ ಸಿಗುತ್ತದೆಯೇ, ಈ ಮೂರನ್ನು ಅಂಗಡಿಯಲ್ಲೇ ಕೇಳಿ. ನಿಮ್ಮ ಅತಿ ಎತ್ತರದ ಮರಕ್ಕೆ ಸಾಕಾಗುವಷ್ಟು ಉದ್ದ ತನ್ನಿ, 50 ಅಡಿಯ ತೋಟಕ್ಕೆ 80 ಅಡಿಯದು ಬೇಡ.

ಮುರಿಯುವುದಕ್ಕಿಂತ ದೊಡ್ಡ ಅಪಾಯ ತಂತಿ. ಕಾರ್ಬನ್ ದೋಟಿಯಲ್ಲಿ ಕರೆಂಟು ಹರಿಯುತ್ತದೆ, ಬಿದಿರಿನ ದೋಟಿಯ ಅಭ್ಯಾಸದಲ್ಲಿ ಇದು ಮರೆತುಹೋಗುತ್ತದೆ. ಹಿಡಿಕೆಗೆ ರಬ್ಬರು ಸುತ್ತಿದ್ದರೂ 11 ಕೆ.ವಿ.ಗೆ ಅದು ತಡೆಯಲ್ಲ. ತಂತಿಗೆ ತಾಗಬೇಕೆಂದೂ ಇಲ್ಲ, ಹತ್ತಿರ ಹೋದರೂ ಹಾರಬಹುದು. ದೋಟಿ ಕೈತಪ್ಪಿ ಅಥವಾ ಸಂದಿನಲ್ಲಿ ಮುರಿದು ಬಿದ್ದರೂ ತಂತಿಗೆ ಮುಟ್ಟದಷ್ಟು, ಅಂದರೆ ದೋಟಿಯ ಪೂರ್ತಿ ಉದ್ದಕ್ಕೆ ಇನ್ನೂ ಹತ್ತು ಅಡಿ ಸೇರಿಸಿದಷ್ಟು ದೂರವಿಲ್ಲದ ಮರಗಳನ್ನು ಈ ದೋಟಿಯಿಂದ ಮುಟ್ಟಬೇಡಿ. ಆ ಸಾಲಿನ ಕೆಲಸಕ್ಕೆ ಮೊದಲೇ ವಿದ್ಯುತ್ ಕಂಪನಿ ಮೆಸ್ಕಾಂನವರನ್ನು ಕೇಳಿ ಲೈನ್ ಆಫ್ ಮಾಡಿಸಿಕೊಳ್ಳಿ, ತುರ್ತಿಗೆ 1912.

ನಿಮ್ಮ ಹಳೆಯ ದೋಟಿಯಲ್ಲಿ ಉಳಿದದ್ದನ್ನು ಎಸೆಯಬೇಡಿ. ಅದೇ ಮಾದರಿಯ ಮೂರನೇ ಕೊಳವೆ ಸಿಗುತ್ತದೆಯೇ ವಿಚಾರಿಸಿ. ಎರಡನೇ ಕೊಳವೆಯ ಹೊರವ್ಯಾಸ, ನಾಲ್ಕನೆಯದರ ಒಳವ್ಯಾಸ ಎರಡನ್ನೂ ವರ್ನಿಯರ್‌ನಲ್ಲಿ ಅಳೆದು ಬರೆದುಕೊಂಡು ಹೋಗಿ, ಅರ್ಧ ಮಿ.ಮೀ. ವ್ಯತ್ಯಾಸವೂ ಸಂದಿನಲ್ಲಿ ಲಡಲಡ ಮಾಡುತ್ತದೆ. ಸಿಗದಿದ್ದರೆ ನಾಲ್ಕನೆಯದರ ತುದಿಗೆ ತೋಳು ಹಾಕಿ ಕತ್ತಿ ಕೂರಿಸಿದರೆ ಗಿಡ್ಡ ಮರಗಳಿಗೆ ಗಟ್ಟಿಮುಟ್ಟಾದ ದೋಟಿಯಾಗುತ್ತದೆ. ಮೇಲಿನ ಎರಡು ಸಪೂರ ಕೊಳವೆಗಳು ಕಾಳುಮೆಣಸಿನ ಬಳ್ಳಿಗೆ ಔಷಧಿ ಹೊಡೆಯಲು ಸಾಕು.